ಭಾವ ಒಪ್ಪದ ಆಲ್ಬಮ್

ನಮ್ಮ ಅಕ್ಕನ ಗಂಡ ಕ್ಷೌರಿಕ. ರೈಲು ನಿಲ್ದಾಣದ ಹಿಂಬದಿಯ ಗಲ್ಲಿಯಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಅವರ ಅಂಗಡಿ. ಎರಡು ಕುರ್ಚಿ, ಎದುರುಬದುರು ಎರಡು ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಮೂಲೆಯ ಕಪಾಟಿನಲ್ಲಿ ಕ್ಯಾಸೆಟ್ಟು, ಸಿ.ಡಿ. ಎರಡನ್ನೂ ನುಂಗುವ ಒಂದು ಹಳೆಯ ಪ್ಲೇಯರ್. ನಾನು ಅದೇ ರಸ್ತೆಯ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದೆ. ಬಿಡುವಾದಾಗಲೆಲ್ಲ ಹೋಗಿ ಆ ಬೆಂಚಿನ ಮೇಲೆ ಕೂರುತ್ತಿದ್ದೆ. ನಾನು ಭಾವ, ಭಾವ ಎನ್ನುವುದನ್ನು ಕೇಳಿ ಕೇಳಿ ಇಡೀ ಗಲ್ಲಿಯೇ ಅವರನ್ನು ಭಾವ ಎನ್ನತೊಡಗಿತ್ತು. ತಲೆ ನರೆತ ಮುದುಕರೂ ‘ಭಾವ, ಸ್ವಲ್ಪ ಮೀಸೆ ಸರಿ ಮಾಡಪ್ಪ’ ಎನ್ನುತ್ತಿದ್ದರು.

‘ಹೀಗೇ ಆದ್ರೆ ಗಲ್ಲಿಯವರೆಲ್ಲ ನನಗೆ ತಮ್ಮಂದಿರೇ ಆಗ್ಬಿಡ್ತಾರೆ. ಎಲ್ಲರಿಗೂ ನಾನೇ ಬಡಿಸಬೇಕಾ?’ ಎಂದು ಅಕ್ಕ ರೇಗುತ್ತಿದ್ದಳು.

ಭಾವನಿಗೆ ಕುಡಿತವಿಲ್ಲ, ಜೂಜಿಲ್ಲ. ಇದ್ದದ್ದು ಒಂದೇ ಹುಚ್ಚು, ಅದು ಒಬ್ಬ ಗಾಯಕನ ಹುಚ್ಚು. ಆತನ ಹೆಸರನ್ನೂ ಅವರು ಹೇಳುತ್ತಿರಲಿಲ್ಲ, ‘ನಮ್ಮವನು’ ಎನ್ನುತ್ತಿದ್ದರು. ಟೀವಿಯಲ್ಲಿ ಆತನ ಮುಖ ಕಂಡರೆ ಅಕ್ಕ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: ‘ರೀ, ನಿಮ್ಮವನು ಬಂದ! ನನ್ನನ್ನು ಮದುವೆಯಾಗಿದ್ದೀರೋ ಅವನನ್ನೋ, ಮೊದಲು ಅದನ್ನು ಇತ್ಯರ್ಥ ಮಾಡಿಕೊಳ್ಳಿ.’

ಹಾಡು ಕೇಳುವವರು ಲೋಕದ ತುಂಬ ಇದ್ದಾರೆ. ಭಾವ ಕೇಳಿ ಸುಮ್ಮನಿರುವವರಲ್ಲ, ಅವರಿಗೆ ಪ್ರತಿ ಆಲ್ಬಮ್ಮಿನ ಬಗ್ಗೆಯೂ ಒಂದು ಅಭಿಪ್ರಾಯವಿತ್ತು. ಅದನ್ನು ಕುರ್ಚಿಯಲ್ಲಿ ಕೂತವರ ಕಿವಿಗೆ ಹಾಕದೆ ಬಿಡುತ್ತಿರಲಿಲ್ಲ. ಗಂಟಲ ಮೇಲೆ ಕತ್ತಿ ಇರುವಾಗ ಎದುರು ವಾದಿಸುವ ಧೈರ್ಯ ಯಾರಿಗಿದೆ? ಹಾಗಾಗಿ ಹೆಚ್ಚಿನವರು ಭಾವನ ಮಾತಿಗೆ ಒಪ್ಪಿದಂತೆಯೇ ಕಾಣುತ್ತಿತ್ತು.

ಮೊದಲ ಆಲ್ಬಮ್ ‘ಬಾಡಿಗೆ ಕೋಣೆ’. ಅದರಲ್ಲಿ ಒಂದು ಹಾಡಿನ ನಡುವೆ ಕುರ್ಚಿ ಕಿರುಗುಟ್ಟುತ್ತದೆ, ಇನ್ನೊಂದರಲ್ಲಿ ಯಾರೋ ಬಾಗಿಲು ಹಾಕುತ್ತಾರೆ. ‘ಅಂಗಿ ಗುಂಡಿ ಹಾಕ್ಕೊಳ್ಳೋದು ಮರೆತು ಬಾಗಿಲಿಗೆ ಬಂದವನ ಹಾಗೆ ಹಾಡಿದ್ದಾನೆ’ ಎನ್ನುತ್ತಿದ್ದರು ಭಾವ. ‘ಆದ್ರೆ ಬಂದವನು ಅವನೇ, ಅದರಲ್ಲಿ ಅನುಮಾನ ಇಲ್ಲ.’ ಎರಡನೆಯದು ‘ಒಣಗದ ಬಟ್ಟೆ’. ಅದರ ಬಗ್ಗೆ ಭಾವ ಹೆಚ್ಚು ಮಾತಾಡುತ್ತಿರಲಿಲ್ಲ. ಅದನ್ನು ಹಾಕಿದರೆ ಕತ್ತರಿಯ ಸದ್ದು ತಾನಾಗಿಯೇ ನಿಧಾನವಾಗುತ್ತಿತ್ತು. ಅಮ್ಮ ತೀರಿಕೊಂಡವನೊಬ್ಬ ಅವಳ ಸೀರೆಯನ್ನು ಹಗ್ಗದಿಂದ ತೆಗೆಯದೆ ಬಿಟ್ಟಿರುವ ಹಾಡು ಅದರಲ್ಲಿದೆ. ಆ ಹಾಡು ಮುಗಿಯುವವರೆಗೆ ಭಾವ ಯಾರಿಗೂ ಕತ್ತಿ ಹಿಡಿಯುತ್ತಿರಲಿಲ್ಲ. ಮೂರನೆಯದು ‘ಊರಾಚೆಯ ದೀಪ’. ಹತ್ತಾರು ಪಿಟೀಲು, ಹಿಂದೆ ಹೆಂಗಸರ ಕೋರಸ್. ಭಾವ ಮೂಗು ಮುರಿಯುತ್ತಿದ್ದರು: ‘ಎಣ್ಣೆ ಜಾಸ್ತಿಯಾದ ತಲೆ. ಕೂದಲು ಎಲ್ಲಿದೆ ಅಂತಾನೇ ಗೊತ್ತಾಗಲ್ಲ.’

ಇಷ್ಟರವರೆಗೆ ಇದು ಯಾವ ಅಭಿಮಾನಿಯಾದರೂ ಆಡುವ ಮಾತು. ತೊಡಕು ಶುರುವಾದದ್ದು ನಾಲ್ಕನೆಯದರಿಂದ.

ಅದಕ್ಕೆ ಮೊದಲು ಭಾವನ ಕೆಲಸದ ಒಂದು ವಿಷಯ ಹೇಳಬೇಕು. ಗಡ್ಡ ಹೆರೆಯುವವನಿಗೆ ಕೈಗಿಂತ ಕಿವಿ ಮುಖ್ಯವಂತೆ. ಕುರ್ಚಿಯಲ್ಲಿ ಕೂತವನು ಉಸಿರು ಎಳೆದುಕೊಳ್ಳುವಾಗ ಕತ್ತಿ ನಿಲ್ಲಬೇಕು, ಬಿಡುವಾಗ ಇಳಿಯಬೇಕು. ವರ್ಷಗಟ್ಟಲೆ ಹೀಗೆ ಮಾಡಿ ಭಾವನಿಗೆ ಜನರ ಉಸಿರು ಮುಖಕ್ಕಿಂತ ಚೆನ್ನಾಗಿ ನೆನಪಿರುತ್ತಿತ್ತು. ಬೆನ್ನು ಹಾಕಿ ನಿಂತಿದ್ದರೂ ಬೆಂಚಿನ ಮೇಲೆ ಬಂದು ಕೂತವರು ಯಾರೆಂದು ಹೇಳಿಬಿಡುತ್ತಿದ್ದರು.

ನಾಲ್ಕನೆಯ ಆಲ್ಬಮ್ ‘ಕಿಟಕಿಯ ಆಚೆ’. ಅದು ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು, ಭಾವ ಒಬ್ಬರೇ ಕುರ್ಚಿಯಲ್ಲಿ ಕೂತು ಅದನ್ನು ಕೇಳುತ್ತಿದ್ದರು. ಮೂರನೆಯ ಹಾಡಿನಲ್ಲಿ ವಾದ್ಯಗಳೆಲ್ಲ ನಿಂತು ಒಂದು ಕ್ಷಣ ಮೌನವಾಗುತ್ತದೆ. ಆಮೇಲೆ ಗಾಯಕ ಉಸಿರು ಎಳೆದುಕೊಂಡು ಮುಂದಿನ ಸಾಲು ಎತ್ತಿಕೊಳ್ಳುತ್ತಾನೆ. ಆ ಜಾಗದಲ್ಲಿ ಭಾವನಿಗೆ ಎರಡು ಉಸಿರು ಕೇಳಿಸಿತು. ಒಂದು ನಮ್ಮವನದು. ಇನ್ನೊಂದು ಅದರ ಬೆನ್ನಿಗೇ, ಸ್ವಲ್ಪ ದೂರದಿಂದ. ಭಾವ ಅಭ್ಯಾಸಬಲದಿಂದ ಬೆಂಚಿನ ಕಡೆ ತಿರುಗಿ ‘ಬನ್ನಿ, ಕೂತ್ಕೊಳ್ಳಿ’ ಎಂದುಬಿಟ್ಟರಂತೆ. ಬೆಂಚು ಖಾಲಿ ಇತ್ತು.

ಸಂಜೆ ನಾನು ಹೋದಾಗ ಅದೇ ಜಾಗವನ್ನು ಮತ್ತೆ ಮತ್ತೆ ಹಾಕಿ ಕೇಳಿಸಿದರು. ನನಗೆ ಕೇಳಿಸಿತೆಂದರೂ ಸರಿ, ಇಲ್ಲವೆಂದರೂ ಸರಿ, ಅಂಥ ಸದ್ದು. ‘ಕೋಣೆಯ ಪ್ರತಿಧ್ವನಿ ಇರಬೇಕು ಭಾವ’ ಎಂದೆ.

‘ಪ್ರತಿಧ್ವನಿ ಆದ್ರೆ ಅವನ ಉಸಿರೇ ತಿರುಗಿ ಬರಬೇಕು ತಾನೇ? ಇದು ಬೇರೆ ಮನುಷ್ಯನದು ಕಣೋ. ಇವನಿಗಿಂತ ಚಿಕ್ಕವನು. ಮೂಗಲ್ಲಿ ಎಳ್ಕೊಳ್ತಾನೆ.’

ಆ ಹೊತ್ತಿಗೆ ಅಕ್ಕ ಭಾವನಿಗೆ ಕಾಫಿ ತಂದಿದ್ದಳು. ಅವಳನ್ನೂ ಕೂರಿಸಿ ಕೇಳಿಸಿದರು. ಅಕ್ಕ ನಗುತ್ತಾಳೆಂದೇ ನಾನು ಕಾದೆ. ಅವಳು ನಗಲಿಲ್ಲ. ಲೋಟವನ್ನು ಕಪಾಟಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ‘ಕೇಳಿಸ್ತು. ಆಫ್ ಮಾಡಿ’ ಎಂದಳು. ಆಮೇಲೆ ಆ ಕ್ಯಾಸೆಟ್ ಓಡುತ್ತಿದ್ದರೆ ಅವಳು ಅಂಗಡಿಯ ಹೊಸ್ತಿಲು ದಾಟುತ್ತಿರಲಿಲ್ಲ, ಹೊರಗಿನಿಂದಲೇ ಕಾಫಿ ಕೊಟ್ಟು ಹೋಗುತ್ತಿದ್ದಳು.

ಐದನೆಯ ಆಲ್ಬಮ್ ‘ಜೋಡಿ ಚಪ್ಪಲಿ’. ಭಾವನ ಪ್ರಕಾರ ಅದರಲ್ಲಿ ಎರಡನೆಯ ಉಸಿರು ದೂರದಲ್ಲಿಲ್ಲ, ಪಕ್ಕಕ್ಕೇ ಬಂದಿದೆ. ಕೆಲವು ಕಡೆ ಎರಡೂ ಒಟ್ಟಿಗೆ ಎಳೆದು ಒಟ್ಟಿಗೆ ಬಿಡುತ್ತವೆ. ‘ಇಬ್ಬರು ಒಂದೇ ಚಾದರ ಹೊದ್ದು ಮಲಗಿದ ಹಾಗೆ’ ಎಂದರು. ಹೊದಿಕೆಯ ಮೇಲಿನ ಚಿತ್ರದ ಬಗ್ಗೆಯೂ ಅವರಿಗೆ ತಕರಾರು. ಮೊದಲ ಚಿತ್ರಗಳಲ್ಲಿ ನಮ್ಮವನ ಹಣೆಯ ಅಂಚಿಗೆ ಎಡಗಡೆ ಒಂದು ಸುಳಿಯಿದೆ, ಕೂದಲು ಅಲ್ಲಿ ಹುಂಜದ ಜುಟ್ಟಿನಂತೆ ಎದ್ದು ನಿಲ್ಲುತ್ತದೆ. ಹೊಸ ಚಿತ್ರದಲ್ಲಿ ಹಣೆಯೆಲ್ಲ ಕೂದಲಿಳಿದು ಮುಚ್ಚಿಹೋಗಿತ್ತು. ‘ಯಾರೋ ಕೆಟ್ಟ ಕ್ಷೌರಿಕನ ಕೈಗೆ ಸಿಕ್ಕಿದ್ದಾನೆ ಪಾಪ’ ಎಂದು ಭಾವ ಮರುಗಿದರು.

ಆರನೆಯದು ‘ನನ್ನ ಮಾತು ಕೇಳು’. ಅದು ಬಂದಾಗ ಊರಿಗೆ ಊರೇ ತಲೆದೂಗಿತು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮದುವೆ ಮನೆಯಲ್ಲಿ ಅದೇ. ಪಕ್ಕದ ಔಷಧಿ ಅಂಗಡಿಯವರೂ ನಮ್ಮವನ ಅಭಿಮಾನಿಯೇ, ಅದನ್ನು ಮೊದಲು ತಂದವರೂ ಅವರೇ. ಅವರ ಕೂದಲು ಕತ್ತರಿಸುತ್ತಲೇ ಭಾವ ಮೊದಲ ಹಾಡನ್ನು ಪೂರ್ತಿ ಕೇಳಿದರು. ಎರಡನೆಯದರ ಅರ್ಧಕ್ಕೆ ಹೋಗಿ ನಿಲ್ಲಿಸಿದರು. ಮುಖ ಬಿಳಿಚಿಕೊಂಡಿತ್ತು.

‘ಏನಾಯ್ತು ಭಾವ? ಇಷ್ಟು ಚೆನ್ನಾಗಿದೆ!’ ಎಂದರು ಔಷಧಿ ಅಂಗಡಿಯವರು.

‘ಅದಲು ಬದಲಾಗಿದೆ’ ಎಂದರು ಭಾವ. ‘ಹಾಡ್ತಿರೋದು ಆ ಇನ್ನೊಬ್ಬ. ನಮ್ಮವನು ಪಕ್ಕದಲ್ಲಿ ಕೂತು ಬರೀ ಉಸಿರಾಡ್ತಿದ್ದಾನೆ.’

‘ದನಿ ಅದೇ ಇದೆಯಲ್ರೀ!’

‘ದನಿ ಅದೇ. ಅದೇ ನನಗೆ ಅರ್ಥವಾಗ್ತಿಲ್ಲ.’

ಇಬ್ಬರಿಗೂ ದೊಡ್ಡ ಜಗಳವೇ ಆಯಿತು. ‘ನಿಮ್ಮ ತಲೆ ಕೆಟ್ಟಿದೆ’ ಎಂದು ಔಷಧಿ ಅಂಗಡಿಯವರು, ‘ನಿಮ್ಮ ಕಿವಿಗೆ ನಿಮ್ಮದೇ ಅಂಗಡಿಯ ಹನಿ ಹಾಕಿಸ್ಕೊಳ್ಳಿ’ ಎಂದು ಭಾವ. ಅರ್ಧ ಕತ್ತರಿಸಿದ ತಲೆಯಲ್ಲೇ ಔಷಧಿ ಅಂಗಡಿಯವರು ಬಿಳಿ ಬಟ್ಟೆ ಕಿತ್ತೆಸೆದು ಹೊರಟರು. ಉಳಿದರ್ಧಕ್ಕೆ ಮರುದಿನ ಬೆಳಿಗ್ಗೆ ಅವರೇ ಬಂದು ಕೂತರು. ಬೇರೆ ದಾರಿ ಇರಲಿಲ್ಲ. ಆದರೆ ಆರನೆಯ ಆಲ್ಬಮ್ ಅಂಗಡಿಯಲ್ಲಿ ಮತ್ತೆ ಓಡಲಿಲ್ಲ.

ಅದಾಗಿ ಕೆಲವು ವರ್ಷಗಳ ಮೇಲೆ, ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಕಾರು ನಿಂತಿತು. ಚಾಲಕ ಇಳಿದು ಬಂದು, ಮನೆಯಲ್ಲಿ ಹಾಸಿಗೆ ಹಿಡಿದವರೊಬ್ಬರಿದ್ದಾರೆ, ಗಡ್ಡ ತೆಗೆಯಲು ಬರಬೇಕು ಎಂದ. ಮೊದಲು ಬರುತ್ತಿದ್ದವನಿಗೆ ಏನಾಯಿತು ಎಂದು ಭಾವ ವಾಡಿಕೆಯಂತೆ ಕೇಳಿದರು.

‘ಅವನು ಬರಲ್ಲ ಅಂದ್ಬಿಟ್ಟ’ ಎಂದ ಚಾಲಕ. ‘ಯಾಕೆ ಅಂತ ಹೇಳಲಿಲ್ಲ.’

ಮನೆ ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದವಳು ದಾದಿ, ಮಾತು ಕಡಿಮೆಯ ನಡುವಯಸ್ಸಿನ ಹೆಂಗಸು. ಬಿಸಿಲು ಬೀಳುವ ಚೊಕ್ಕಟವಾದ ಕೋಣೆ, ಎತ್ತರದ ಮಂಚ, ಮಂಚದ ಮೇಲೆ ಮೂಳೆ ಚಕ್ಕಳವಾದ ಒಬ್ಬ ಮನುಷ್ಯ. ಕುತ್ತಿಗೆಯ ಕೆಳಗೆ ಹಳೆಯ ಹೊಲಿಗೆಯ ಗುರುತು. ‘ಗಂಟಲಿನ ಆಪರೇಷನ್ ಆಗಿದೆ. ಮಾತು ಹೋಗಿ ವರ್ಷಗಳಾದವು’ ಎಂದಳು ದಾದಿ. ಪಕ್ಕದ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಗಂಡಸೊಬ್ಬ ಫೋನಿನಲ್ಲಿ ಮಾತಾಡುತ್ತಿದ್ದ. ‘ಅವರು ಇವರ ತಮ್ಮ’ ಎಂದು ಹೇಳಿ ಅವಳು ಬಿಸಿನೀರು ತರಲು ಹೋದಳು.

ಭಾವ ನೊರೆ ಹಚ್ಚಿದರು. ಕೆನ್ನೆಗಳನ್ನು ಮುಗಿಸಿ ಗಂಟಲಿಗೆ ಇಳಿದಾಗ ಕತ್ತಿ ನಿಲ್ಲಿಸಬೇಕಾಯಿತು. ರೋಗಿಯ ಗಂಟಲು ಆಡುತ್ತಿತ್ತು. ಉಗುಳು ನುಂಗುತ್ತಿರಬೇಕೆಂದು ಕಾದರು. ಅದು ನಿಲ್ಲಲಿಲ್ಲ. ಮಾತಾಡುವವನ ಗಂಟಲುಮಣಿಯಂತೆ ಮೇಲಕ್ಕೆ ಕೆಳಕ್ಕೆ ಹೋಗುತ್ತಲೇ ಇತ್ತು. ತುಟಿ ಮಾತ್ರ ಬಿಗಿಯಾಗಿ ಮುಚ್ಚಿತ್ತು. ಪಕ್ಕದ ಕೋಣೆಯವನು ಫೋನಿನಲ್ಲಿ ಎದುರಿನವರ ಮಾತು ಕೇಳಲು ಸುಮ್ಮನಾದ. ಗಂಟಲು ನಿಂತಿತು. ಅವನು ‘ಹೌದು ಹೌದು, ಮುಂದಿನ ತಿಂಗಳು ರೆಕಾರ್ಡಿಂಗ್ ಇಟ್ಟುಕೊಳ್ಳೋಣ’ ಎಂದ. ಗಂಟಲು ಮತ್ತೆ ಆಡಿತು, ಆ ಮಾತಿಗೆ ಸರಿಯಾಗಿ.

ಭಾವ ಕತ್ತಿಯನ್ನು ಬಟ್ಟಲಿನ ಮೇಲಿಟ್ಟರು. ಅಷ್ಟರಲ್ಲಿ ಮಂಚದ ಮೇಲಿದ್ದವರು ಉಸಿರು ಎಳೆದುಕೊಂಡರು. ಆ ಉಸಿರು ಭಾವನಿಗೆ ಗೊತ್ತಿತ್ತು. ಬಗ್ಗಿ ಹಣೆಯ ಮೇಲಿನ ಕೂದಲನ್ನು ಮೆಲ್ಲಗೆ ಸರಿಸಿದರು. ಎಡಗಡೆಯ ಅಂಚಿನಲ್ಲಿ ಸುಳಿ ಇತ್ತು, ಕೂದಲು ನರೆತು ತೆಳ್ಳಗಾಗಿದ್ದರೂ ಜುಟ್ಟಿನಂತೆ ಎದ್ದು ನಿಂತಿತ್ತು.

‘ಸ್ವಾಮೀ’ ಎಂದರು ಭಾವ, ಪಿಸುಮಾತಿನಲ್ಲಿ. ‘ಒಣಗದ ಬಟ್ಟೆ ಹಾಡಿದ್ದು ನೀವು ತಾನೇ?’

ಕಣ್ಣುಗಳು ಭಾವನ ಕಡೆ ಹೊರಳಿದವು. ಚಾದರದಡಿಯಿಂದ ಒಂದು ಕೈ ಬಂದು ಭಾವನ ಕೈಯನ್ನು ಹಿಡಿದು ತನ್ನ ಗಂಟಲಿನ ಮೇಲೆ ಇಟ್ಟುಕೊಂಡಿತು. ಫೋನು ಮುಗಿಸಿದ್ದ ತಮ್ಮ ಪಕ್ಕದ ಕೋಣೆಯಲ್ಲಿ ಯಾವುದೋ ರಾಗ ಗುನುಗಲು ಶುರುಮಾಡಿದ್ದ. ಅದು ಭಾವನ ಬೆರಳ ತುದಿಗೆ ತಾಗುತ್ತಿತ್ತು. ತಂಬೂರಿಯ ಬುರುಡೆಯ ಮೇಲೆ ಕೈಯಿಟ್ಟಂತೆ ಆ ಮೂಕ ಗಂಟಲು ಸಣ್ಣಗೆ ಅದುರುತ್ತಿತ್ತು.

‘ಅಣ್ಣಾ’ ಎಂದು ಒಳಗಿನಿಂದ ದನಿ ಬಂತು. ‘ಸಾಕು ಬಿಡು ಇವತ್ತಿಗೆ. ಸುಸ್ತಾಗ್ತಿದೆ.’

ಹಿಡಿದ ಕೈ ಸಡಿಲವಾಯಿತು. ಬೆರಳಡಿಯ ಅದುರು ನಿಂತಿತು.

ತಮ್ಮ ಹೊರಗೆ ಬಂದ. ಇತ್ತೀಚಿನ ಆಲ್ಬಮ್ಮುಗಳ ಹೊದಿಕೆಯ ಮೇಲಿದ್ದ ಅದೇ ಮುಖ, ಅಣ್ಣನದೇ ಅಚ್ಚು, ಹಣೆಯ ಮೇಲೆ ಇಳಿಬಿಟ್ಟ ಕೂದಲು. ಸಭ್ಯವಾಗಿಯೇ ಮಾತಾಡಿಸಿದ. ‘ಹಾಡು ಗೀಡು ಕೇಳೋ ಅಭ್ಯಾಸ ಇದೆಯಾ ನಿಮಗೆ?’ ಎಂದು ಕೇಳಿದ.

‘ಇಲ್ಲ ಸಾರ್, ನಮಗೆಲ್ಲಿ ಪುರುಸೊತ್ತು’ ಎಂದುಬಿಟ್ಟರು ಭಾವ. ಹುಟ್ಟಿದ ಮೇಲೆ ಹೇಳಿದ ಅತಿದೊಡ್ಡ ಸುಳ್ಳು ಅದು ಎಂದು ಆಮೇಲೆ ನನ್ನ ಹತ್ತಿರ ಅಂದರು.

ಇಷ್ಟನ್ನು ಕೇಳಿ ಅಕ್ಕ ಖಡಾಖಂಡಿತವಾಗಿ ಹೇಳಿದಳು: ‘ಇನ್ನು ಆ ಮನೆ ಕಡೆ ತಲೆ ಹಾಕಬೇಡಿ.’ ಭಾವ ಹೂಂಗುಟ್ಟಿದರು. ಮುಂದಿನ ವಾರ ಕಾರು ಬಂದಾಗ ಸುಮ್ಮನೆ ಚೀಲ ಎತ್ತಿಕೊಂಡು ಹೋದರು.

ಅವರು ಯಾಕೆ ಹೋದರೆಂದು ನನಗೆ ಅರ್ಥವಾಗುತ್ತದೆ. ಎಷ್ಟೋ ವರ್ಷ ಗಿರಾಕಿಗಳ ತಲೆ ತಿಂದಿದ್ದ ಅಭಿಪ್ರಾಯಗಳನ್ನೆಲ್ಲ ಈಗ ನೇರ ನಮ್ಮವನ ಮುಂದೆಯೇ ಹೇಳಬಹುದಿತ್ತು. ಭಾವ ಗಡ್ಡಕ್ಕೆ ನೊರೆ ಹಚ್ಚುತ್ತ ಶುರುಮಾಡುತ್ತಿದ್ದರು. ಬಾಡಿಗೆ ಕೋಣೆಯಲ್ಲಿ ಬಾಗಿಲು ಹಾಕಿದ್ದು ಯಾರು ಸ್ವಾಮಿ, ನಿಮ್ಮ ಅಮ್ಮನಾ? ರೋಗಿ ಕಣ್ಣು ಮಿಟುಕಿಸುತ್ತಿದ್ದರು, ಹೌದು. ಆ ಸೀರೆಯ ಹಾಡಿನ ಕೊನೆಗೆ ಅಷ್ಟು ಬೇಗ ಯಾಕೆ ನಿಲ್ಲಿಸಿಬಿಟ್ಟಿರಿ, ಅಳು ಬಂತಾ? ಮತ್ತೆ ಹೌದು. ದಾದಿಯೂ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳಂತೆ.

ಒಂದು ದಿನ ಧೈರ್ಯ ಮಾಡಿ ಭಾವ ಅಂದರು: ‘ಬೇಜಾರು ಮಾಡ್ಕೋಬೇಡಿ ಸ್ವಾಮಿ. ಮೂರನೇದು ಮಾತ್ರ ಸರಿಯಿಲ್ಲ. ಎಣ್ಣೆ ಜಾಸ್ತಿಯಾಗಿದೆ.’

ರೋಗಿಯ ಮುಖ ಅರಳಿತು. ಹೊಟ್ಟೆ ಕುಲುಕಿತು, ಹೆಗಲು ಕುಣಿದವು. ಸದ್ದಿಲ್ಲದ ನಗು. ಅದೇ ಗಳಿಗೆಗೆ ಪಕ್ಕದ ಕೋಣೆಯಲ್ಲಿ ತಮ್ಮ ಗಹಗಹಿಸಿ ನಗತೊಡಗಿದ. ನಗು ನಿಲ್ಲದೆ ಕೆಮ್ಮು ಬಂತು. ‘ಏನಣ್ಣಾ ಇದು, ಯಾಕೆ ನಗಿಸ್ತೀಯಾ!’ ಎಂದು ಅವನು ಗೋಗರೆಯುತ್ತಿದ್ದುದು ಗೋಡೆಯಾಚೆಯಿಂದ ಕೇಳಿಸಿತು. ಭಾವನ ಕೈಯಲ್ಲಿದ್ದ ಬ್ರಷ್ ನೆಲಕ್ಕೆ ಬಿತ್ತು.

ಅಲ್ಲಿಗಾದರೂ ಬಿಡಬಹುದಿತ್ತು, ಬಿಡಲಿಲ್ಲ. ಮನಸ್ಸಿನಲ್ಲಿ ಕೊರೆಯುತ್ತಿದ್ದ ಪ್ರಶ್ನೆಯನ್ನು ಕೊನೆಗೊಂದು ದಿನ ಕೇಳಿಯೇಬಿಟ್ಟರು: ‘ಆರನೇದರಲ್ಲಿ ಹಾಡಿರೋದು ಯಾರು ಸ್ವಾಮಿ? ನೀವಾ, ಅವರಾ?’

ರೋಗಿ ಕಣ್ಣು ಮಿಟುಕಿಸಲಿಲ್ಲ. ನಿಧಾನವಾಗಿ ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ಪಕ್ಕದ ಕೋಣೆಯಲ್ಲಿ ನಡೆಯುತ್ತಿದ್ದ ಅಭ್ಯಾಸ ಸ್ವರದ ನಡುವೆಯೇ ತುಂಡಾಯಿತು. ತಮ್ಮ ಬಾಗಿಲಿಗೆ ಬಂದು ನಿಂತ. ಕೋಪವಿರಲಿಲ್ಲ, ಮುಖ ತುಂಬ ದಣಿದಿತ್ತು ಅಷ್ಟೆ.

‘ಇನ್ನು ನೀವು ಬರೋದು ಬೇಡ’ ಎಂದ.

ಕಾರು ಮತ್ತೆ ಬರಲಿಲ್ಲ. ಮಳೆಗಾಲ ಕಳೆದ ಮೇಲೆ ದಾದಿಯೇ ಒಂದು ದಿನ ಅಂಗಡಿ ಹುಡುಕಿಕೊಂಡು ಬಂದಳು. ಗಂಡಸರೇ ತುಂಬಿದ್ದ ಅಂಗಡಿಗೆ ಬರಲು ಸಂಕೋಚಪಟ್ಟು ಹೊರಗೇ ನಿಂತಿದ್ದಳು. ಭಾವ ಕತ್ತರಿ ಹಿಡಿದೇ ಹೋದರು.

‘ಹೋದ ವಾರ ಹೋದರು’ ಎಂದಳು. ‘ನಿಮಗೆ ಹೇಳಬೇಕು ಅನ್ನಿಸ್ತು. ನೀವು ಬಂದು ಹೋದ ದಿನ ಅವರು ಊಟ ಸರಿಯಾಗಿ ಮಾಡ್ತಿದ್ರು.’

ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ಹೇಗೆ ಬಂದೀತು? ಗಾಯಕ ಲೋಕದ ಕಣ್ಣಿಗೆ ಗುಂಡುಕಲ್ಲಿನಂತೆ ಬದುಕಿದ್ದ. ಭಾವ ಆ ದಿನ ಅಂಗಡಿಯ ಬಾಗಿಲು ಎಳೆದರು. ಯಾರಿಗೇನಾಯಿತು ಎಂದು ಔಷಧಿ ಅಂಗಡಿಯವರು ಗಾಬರಿಯಿಂದ ಓಡಿಬಂದರು.

‘ನಮ್ಮವನು ಹೋಗ್ಬಿಟ್ಟ’ ಎಂದರು ಭಾವ.

‘ಏನ್ರೀ ಹೇಳ್ತೀರಿ, ಈಗ ಬೆಳಿಗ್ಗೆ ಟೀವಿಲಿ ಮಾತಾಡ್ತಿದ್ನಲ್ರೀ!’

ಭಾವ ಮನೆಗೆ ನಡೆದರು. ಅಕ್ಕ ಅವತ್ತು ಒಂದು ಮಾತೂ ಚುಚ್ಚಲಿಲ್ಲ. ಸ್ನಾನಕ್ಕೆ ನೀರು ಕಾಯಿಸಿಟ್ಟು, ಒಲೆಯ ಮುಂದೆ ಕೂತು ತಾನೂ ಕಣ್ಣೊರೆಸಿಕೊಂಡಳು.

ಏಳನೆಯ ಆಲ್ಬಮ್ ಅದಾಗಿ ಒಂದು ವರ್ಷದೊಳಗೆ ಬಂತು. ‘ಬೆಳಕು ಹರಿದ ಮೇಲೆ’. ಔಷಧಿ ಅಂಗಡಿಯವರು ಹೊಸ ಸಿ.ಡಿ. ಹಿಡಿದು ಬಂದು ಅಂಗಲಾಚಿದರು, ‘ಒಂದೇ ಒಂದು ಸಲ ಕೇಳಿ ಭಾವ, ಆಮೇಲೆ ಬೈಯ್ರಿ’. ಮಧ್ಯಾಹ್ನದ ಹೊತ್ತು. ಅಂಗಡಿಯಲ್ಲಿ ಅವರು, ನಾನು, ಭಾವ, ಮತ್ತೆ ಬೆಂಚಿನ ಮೇಲೆ ಪತ್ರಿಕೆ ಓದುತ್ತಿದ್ದ ಬೀಗ ರಿಪೇರಿಯವನು. ಭಾವ ಏನನ್ನಿಸಿತೋ, ಸಿ.ಡಿ. ತೆಗೆದುಕೊಂಡು ತಾವೇ ಹಾಕಿದರು.

ದನಿ ಎಂದಿನಂತೆ ತುಂಬಿ ಬಂತು. ಬಹಳ ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ಸಾಲು ಮುಗಿಯಿತು, ಇನ್ನೊಂದು ಶುರುವಾಯಿತು, ಅದರ ಹಿಂದೆಯೇ ಮತ್ತೊಂದು. ಸ್ವಲ್ಪ ಹೊತ್ತಿಗೆ ನನ್ನ ಎದೆ ಬಿಗಿಯತೊಡಗಿತು. ಯಾಕೆಂದು ತಿಳಿಯಲಿಲ್ಲ. ನೋಡಿದರೆ ಔಷಧಿ ಅಂಗಡಿಯವರು ಕಾಲರಿನ ಗುಂಡಿ ಬಿಚ್ಚುತ್ತಿದ್ದರು. ಬೀಗ ರಿಪೇರಿಯವನು ಪತ್ರಿಕೆ ಕೆಳಗಿಟ್ಟು, ನೀರಿನಿಂದ ಮೇಲೆ ಬಂದವನಂತೆ ಬಾಯಿ ತೆರೆದು ಗಾಳಿ ಎಳೆದುಕೊಂಡ. ಆಗ ಹೊಳೆಯಿತು. ಹಾಡು ಶುರುವಾದಾಗಿನಿಂದ ನಾವು ಯಾರೂ ಉಸಿರಾಡಿಯೇ ಇರಲಿಲ್ಲ. ಹಾಡುವವನು ಎಲ್ಲಿಯಾದರೂ ಉಸಿರು ತೆಗೆದುಕೊಂಡರೆ ನಾವೂ ತೆಗೆದುಕೊಳ್ಳುತ್ತಿದ್ದೆವೇನೋ. ಅವನು ತೆಗೆದುಕೊಳ್ಳಲೇ ಇಲ್ಲ. ಹಾಡಿನಲ್ಲಿ ಎಲ್ಲೂ ಉಸಿರೇ ಇರಲಿಲ್ಲ.

‘ನಿಲ್ಸಿ ಭಾವ’ ಎಂದರು ಔಷಧಿ ಅಂಗಡಿಯವರು, ಏದುಸಿರು ಬಿಡುತ್ತ. ‘ನಿಲ್ಸಿ, ನಿಲ್ಸಿ.’

ಆಮೇಲೆ ಅವರು ಆರನೆಯದು ಏಳನೆಯದು ಎಂದು ವಾದಕ್ಕೆ ಬಂದದ್ದು ನಾನು ಕಾಣೆ.

ಇನ್ನೂ ಒಂದು ಸಂಗತಿ ಇದೆ, ಇದಕ್ಕೆ ನಾನೇ ಸಾಕ್ಷಿ. ಒಂದು ಬೆಳಿಗ್ಗೆ, ಅಂಗಡಿ ಆಗತಾನೇ ತೆರೆದಿತ್ತು, ನಾನು ಪ್ರೆಸ್ಸಿಗೆ ಹೋಗುವ ದಾರಿಯಲ್ಲಿ ಒಳಗೆ ಕೂತಿದ್ದೆ. ಟೋಪಿ ಹಾಕಿಕೊಂಡ ಮನುಷ್ಯನೊಬ್ಬ ಬಂದು ನೇರ ಕುರ್ಚಿಯಲ್ಲಿ ಕೂತ. ಟೋಪಿ ತೆಗೆದಾಗ ನನ್ನ ಮೈ ಜುಮ್ಮೆಂದಿತು. ಕನ್ನಡಿಗಳು ಎದುರುಬದುರಾಗಿದ್ದುದರಿಂದ ಆ ಪ್ರಸಿದ್ಧ ಮುಖ ಒಂದರ ಹಿಂದೆ ಒಂದಾಗಿ ಆಳದವರೆಗೂ ಸಾಲುಗಟ್ಟಿತ್ತು.

‘ಶೇವ್ ಮಾಡಿ’ ಎಂದ. ಭಾವ ಬಿಳಿ ಬಟ್ಟೆ ಹೊದಿಸಿದರು. ನೊರೆ ಹಚ್ಚುವಾಗ ಅವನೇ ಮಾತು ತೆಗೆದ.

‘ಅವತ್ತು ನನಗೆ ಸುಳ್ಳು ಹೇಳಿದ್ರಿ. ನೀವು ಹಾಡು ಕೇಳ್ತೀರಿ ಅಂತ ಅಣ್ಣನಿಂದ ಗೊತ್ತಾಯ್ತು. ಅವನಿಗೆ ನಿಮ್ಮ ಮಾತು ಇಷ್ಟ ಆಗ್ತಿತ್ತು. ಈಗ ನನಗೂ ಹೇಳಿ. ಎಲ್ಲದರಲ್ಲಿ ನಿಮಗೆ ಯಾವುದು ಇಷ್ಟ?’

‘ಒಣಗದ ಬಟ್ಟೆ’ ಎಂದರು ಭಾವ.

‘ನನಗೂ ಅದೇ ಇಷ್ಟ’ ಎಂದ ಅವನು. ‘ಅದರಲ್ಲಿ ನಾನಿಲ್ಲ.’

ಭಾವ ಕತ್ತಿ ಎತ್ತಿ ಕಾದರು. ಅವನು ಕಣ್ಣು ಮುಚ್ಚಿ ಹೇಳುತ್ತ ಹೋದ. ‘ನಾಲ್ಕನೇದರ ಹೊತ್ತಿಗೇ ಅಣ್ಣನ ಗಂಟಲು ಕೆಟ್ಟಿತ್ತು. ಒಬ್ಬನೇ ಹಾಡೋಕೆ ಭಯ ಅಂತ ನನ್ನ ಪಕ್ಕದಲ್ಲಿ ಕೂರಿಸ್ಕೊಳ್ತಿದ್ದ. ಅವನು ಉಸಿರೆಳೆದ್ರೆ ನನಗೂ ಎಳೀಬೇಕು ಅನ್ನಿಸ್ತಿತ್ತು, ಸುಮ್ಮನೆ ಎಳೀತಿದ್ದೆ. ಆಮೇಲಾಮೇಲೆ ಅವನು ಉಸಿರೆಳೆದ್ರೆ ಹಾಡು ನನ್ನ ಬಾಯಲ್ಲಿ ಬರೋಕೆ ಶುರುವಾಯ್ತು. ನಾನು ಹಾಡು ಕಲಿತವನೇ ಅಲ್ಲ. ನನ್ನ ದನಿ ಹೇಗಿತ್ತು ಅನ್ನೋದೇ ಮರೆತುಹೋಗಿದೆ. ಅವನು ಹೋದ ದಿನ ಇದೂ ನಿಲ್ಲುತ್ತೆ ಅಂದ್ಕೊಂಡೆ. ನಿಲ್ಲಲಿಲ್ಲ. ಈಗ ಉಸಿರು ಎಳೆಯೋರು ಯಾರೂ ಇಲ್ಲ. ಹಾಡು ಮಾತ್ರ ಬರ್ತಾನೇ ಇದೆ.’

ಅಷ್ಟು ಹೊತ್ತು ಮಾತಾಡಿದರೂ ಅವನ ಗಂಟಲು ಒಂದಿಷ್ಟೂ ಅಲುಗಲಿಲ್ಲ. ಬೆಂಚಿನಿಂದಲೇ ಅದು ನನಗೆ ಕಾಣುತ್ತಿತ್ತು. ಕಲ್ಲಿನ ಗಂಟಲು. ಭಾವನಿಗೂ ಕಂಡಿರಬೇಕು. ಆದರೂ ಅವರು ಕತ್ತಿಯನ್ನು ಅಲ್ಲಿಗೆ ಇಳಿಸಿ, ಒಂದು ಗೀರೂ ಆಗದಂತೆ ನುಣ್ಣಗೆ ಹೆರೆದು, ಮುಖ ತೊಳೆಸಿ, ಪಟಿಕದ ಕಲ್ಲು ಸವರಿ, ಟವೆಲ್ಲಿನಿಂದ ಒತ್ತಿದರು. ಆಮೇಲೆ ಮನೆಯ ಹಿರಿಯನೊಬ್ಬ ಕಿರಿಯನಿಗೆ ಹೇಳುವಂತೆ ಹೇಳಿದರು:

‘ಬಂದದ್ದನ್ನೆಲ್ಲ ಹಾಡಬೇಡಿ. ಬಾಯಿ ಬಿಡದೆ ಇದ್ದುಬಿಡಿ. ಮಾತೂ ಬೇಡ. ಎಷ್ಟು ದಿನ ಬೇಕಾಗುತ್ತೋ ಅಷ್ಟು ದಿನ. ಅಣ್ಣಂದು ಅಣ್ಣನ ಹಿಂದೆ ಹೋಗ್ಲಿ. ನಿಮ್ಮದು ಅಂತ ಏನಾದ್ರೂ ಉಳಿದಿದ್ರೆ ಅದು ಆಮೇಲೆ ಬರುತ್ತೆ.’

ಅವನು ಟೋಪಿ ಹಾಕಿಕೊಂಡು ಹೊರಟುಹೋದ.

ಗಾಯಕನ ಕಾರ್ಯಕ್ರಮಗಳು ಒಂದೊಂದಾಗಿ ರದ್ದಾದವು. ಅನಾರೋಗ್ಯ ಎಂದು ಪತ್ರಿಕೆಗಳು ಬರೆದವು, ಕೆಲವರು ಅಹಂಕಾರ ಎಂದರು. ಹೊಸ ಗಾಯಕರು ಬಂದರು, ಬಸ್ಸಿನಲ್ಲಿ ಹೊಸ ಹಾಡುಗಳು ಕೇಳತೊಡಗಿದವು. ಜನ ಮರೆಯುವುದಕ್ಕೆ ತುಂಬಾ ಕಾಲ ಬೇಕಾಗಲಿಲ್ಲ. ಅವನು ಮಾತ್ರ ಆಗಾಗ ಅಂಗಡಿಗೆ ಬರುತ್ತಿದ್ದ. ಬಾಯಿ ಬಿಡುತ್ತಿರಲಿಲ್ಲ. ಬೆರಳಲ್ಲಿ ಕೆನ್ನೆ ತೋರಿಸಿದರೆ ಶೇವ್, ತಲೆ ತೋರಿಸಿದರೆ ಕಟಿಂಗ್. ಭಾವ ಅವನು ಬಂದಾಗ ಪ್ಲೇಯರ್ ಹಾಕುತ್ತಿರಲಿಲ್ಲ. ಹವೆಯ ಬಗ್ಗೆ, ಅಕ್ಕನ ಮಂಡಿ ನೋವಿನ ಬಗ್ಗೆ, ನನ್ನ ಕೆಟ್ಟ ಅಕ್ಷರದ ಬಗ್ಗೆ ತಾವೇ ಮಾತಾಡಿ ತಾವೇ ಉತ್ತರಿಸಿಕೊಳ್ಳುತ್ತಿದ್ದರು. ಗಲ್ಲಿಯ ಹೊಸಬರು ಅವನನ್ನು ಹುಟ್ಟು ಮೂಗನೆಂದೇ ತಿಳಿದಿದ್ದರು.

ಎರಡು ಚಳಿಗಾಲ ಹೀಗೇ ಕಳೆದವು. ಕಳೆದ ಶನಿವಾರ ಅಂಗಡಿ ತುಂಬಾ ಜನ. ಅವನು ತನ್ನ ಸರದಿ ಬಂದಾಗ ಎದ್ದು ಕುರ್ಚಿಯಲ್ಲಿ ಕೂತ. ಭಾವ ಬಟ್ಟೆ ಕಟ್ಟಿ ಬಾಚಣಿಗೆ ಎತ್ತಿಕೊಂಡರು.

‘ಕಿವಿ ಹತ್ರ ಸ್ವಲ್ಪ ಕಮ್ಮಿ ಮಾಡಿ’ ಎಂದು ಯಾರೋ ಹೇಳಿದರು.

ಕೀಚಲು ದನಿ, ಸ್ವಲ್ಪ ಒಡಕು, ನೆಗಡಿಯಾದವರ ಹಾಗೆ. ಬೆಂಚಿನ ಮೇಲಿದ್ದ ಔಷಧಿ ಅಂಗಡಿಯವರೂ ನಾನೂ ಬಾಗಿಲ ಕಡೆ ತಿರುಗಿ ನೋಡಿದೆವು, ಯಾರೂ ಬಂದಿರಲಿಲ್ಲ. ಕುರ್ಚಿಯಲ್ಲಿದ್ದವನು ತಾನೇ ಬೆಚ್ಚಿಬಿದ್ದು, ಬಿಳಿ ಬಟ್ಟೆಯೊಳಗಿಂದ ಕೈ ತೆಗೆದು ಗಂಟಲು ಮುಟ್ಟಿಕೊಳ್ಳುತ್ತಿದ್ದ.

ಭಾವನ ಬಾಚಣಿಗೆ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು.

‘ಆಯ್ತು ಸಾರ್’ ಎಂದರು ಅವರು, ಕತ್ತರಿಗೆ ಕೈ ಹಾಕುತ್ತ. ‘ತಲೆ ಸ್ವಲ್ಪ ಈ ಕಡೆ ಬಗ್ಗಿಸಿ.’